0.3 ಮತ್ತು 38: ಸಮುದ್ರದಲ್ಲಿ ಸಾರಜನಕ ಸ್ಥಿರೀಕರಣದ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನಾನು ಸಾಗರವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಪೋಷಕಾಂಶ ತೀರಾ ಕಡಿಮೆ ಇರುವ ತೆರೆದ ಸಮುದ್ರದಲ್ಲಿ ನಾಲ್ಕು ಸ್ಟೇಷನ್‌ಗಳಲ್ಲಿ ಸಾರಜನಕ ಸ್ಥಿರೀಕರಣ, ಅಂದರೆ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನು ಅಮೋನಿಯಾ ಮಾಡಿಕೊಳ್ಳುವ ದರ, ಅಳೆದಿದ್ದೇನೆ. 4.5 ಲೀಟರಿನ ಪಾಲಿಕಾರ್ಬನೇಟ್ ಬಾಟಲಿಗಳಿಗೆ ಗಾಳಿ ಉಳಿಯದಂತೆ ನೀರು ತುಂಬಿ, ಸೆಪ್ಟಮ್ (ಮುಚ್ಚಳದ ರಬ್ಬರ್ ಪೊರೆ) ಮೂಲಕ 4.5 ಮಿ.ಲೀ. ಸಾರಜನಕ-15 (ಗುರುತಾಗಿ ಬಳಸುವ, ಸಾರಜನಕದ ಭಾರದ ಐಸೋಟೋಪ್) ಅನಿಲ ಚುಚ್ಚಿ, ಬೆಳಗ್ಗೆ 10ರಿಂದ ಮರುದಿನ 10ರವರೆಗೆ ಡೆಕ್ ಮೇಲಿನ ತೊಟ್ಟಿಯಲ್ಲಿಟ್ಟು, ಜಿಎಫ್/ಎಫ್ ಎಂಬ ಗಾಜುನಾರಿನ ಫಿಲ್ಟರಿನಲ್ಲಿ ಸೋಸಿದೆ. ಮೊದಲ ಮೂರು ಸ್ಟೇಷನ್‌ಗಳಲ್ಲಿ ಲೀಟರಿಗೆ ದಿನಕ್ಕೆ 0.2ರಿಂದ 0.4 ನ್ಯಾನೋಮೋಲ್ ಬಂತು. ನಾಲ್ಕನೆಯದರಲ್ಲಿ ಮೂರು ಬಾಟಲಿಗಳು 36, 38, 40 ಕೊಟ್ಟವು. ಅಲ್ಲೇ 100 ಮೀಟರ್ ಆಳದ ನೀರು 35 ಕೊಟ್ಟಿತು. ಆ ಹೊತ್ತಿಗೆ ಹಳೆಯ ಅನಿಲ ಮುಗಿದು ಹೊಸ ಸಿಲಿಂಡರ್ ತೆರೆದಿದ್ದೆವು. ಬಲೆಯಲ್ಲಿ ಎಲ್ಲಿಯೂ ಟ್ರೈಕೋಡೆಸ್ಮಿಯಮ್ (ಸ್ಥಿರೀಕರಣ ಮಾಡುವ ಒಂದು ಸಯನೋಬ್ಯಾಕ್ಟೀರಿಯಾ, ಅಂದರೆ ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯಾ) ಸಿಗಲಿಲ್ಲ. ಮೊದಲ ಮೂರು ಕಡೆ ನೈಟ್ರೇಟ್ ಲೀಟರಿಗೆ ಸುಮಾರು 0.3 ಮೈಕ್ರೋಮೋಲ್ ಇತ್ತು. "ನೈಟ್ರೇಟ್ ಇದೆ, ಟ್ರೈಕೋಡೆಸ್ಮಿಯಮ್ ಇಲ್ಲ, ಹಾಗಾಗಿ ಅಲ್ಲಿ ಸ್ಥಿರೀಕರಣವೂ ಇಲ್ಲ, ನಾಲ್ಕನೆಯದು ಹಾಟ್‌ಸ್ಪಾಟ್" ಎಂದು ಬರೆಯುವಂತೆ ಸಲಹೆ ಬಂದಿದೆ. ಹೀಗೆ ಅನಿಲವನ್ನು ನೇರವಾಗಿ ಚುಚ್ಚುವ ಗುಳ್ಳೆ ವಿಧಾನವೇ ತಪ್ಪು ಎಂದೂ ಓದಿದ್ದೇನೆ. ಎಲ್ಲವನ್ನೂ ಕೈಬಿಡಬೇಕೆ? ಮುಂದಿನ ಪ್ರಯಾಣದಲ್ಲಿ ಯಾವ ವಿಧಾನ ಹಿಡಿಯಲಿ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಆತಂಕಗಳಿವೆ. ಮೂರು ಕಡೆಯ ಸಣ್ಣ ಸಂಖ್ಯೆಯನ್ನು "ಇಲ್ಲ" ಎಂದು ಓದಬಹುದೇ ಎಂಬುದು ಒಂದು. ನಾಲ್ಕನೆಯ ಕಡೆಯ ದೊಡ್ಡ ಸಂಖ್ಯೆಯನ್ನು "ಇದೆ" ಎಂದು ಓದಬಹುದೇ ಎಂಬುದು ಇನ್ನೊಂದು. ನೀವು ಕೊಟ್ಟಿರುವ ವಿವರ ನೋಡಿದರೆ ಎರಡಕ್ಕೂ ನನ್ನ ಉತ್ತರ "ಸದ್ಯಕ್ಕೆ ಇಲ್ಲ". ಗುಳ್ಳೆ ವಿಧಾನದಲ್ಲಿ ಎರಡು ದೋಷಗಳಿವೆ, ಅವು ವಿರುದ್ಧ ದಿಕ್ಕಿಗೆ ಎಳೆಯುತ್ತವೆ: ಅನಿಲ ನಿಧಾನವಾಗಿ ಕರಗುವುದರಿಂದ ದರ ಕಡಿಮೆ ಕಾಣುತ್ತದೆ, ಅನಿಲದಲ್ಲಿ ಕಲಬೆರಕೆ ಇದ್ದರೆ ದರ ಹೆಚ್ಚು ಕಾಣುತ್ತದೆ. ಯಾವುದು ಎಷ್ಟು ಎಂದು ಅಳೆಯದ ಹೊರತು ಸಂಖ್ಯೆಗೆ ಅರ್ಥ ಬರುವುದಿಲ್ಲ.

ಮೊದಲು ನಿಮಗೆ ಸಿಕ್ಕ ಸಲಹೆಯನ್ನು ನೋಡೋಣ.

"ಟ್ರೈಕೋಡೆಸ್ಮಿಯಮ್ ಇಲ್ಲದಿದ್ದರೆ ಸ್ಥಿರೀಕರಣ ಇಲ್ಲ" ಎಂಬ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. 1961ರಲ್ಲಿ ಡಗ್ಡೇಲ್, ಮೆನ್ಜೆಲ್ ಮತ್ತು ರೈದರ್ ಸಾರ್ಗಾಸೋ ಸಮುದ್ರದಲ್ಲಿ ಸಾರಜನಕ-15 ಬಳಸಿ ತೋರಿಸಿದ್ದು ಟ್ರೈಕೋಡೆಸ್ಮಿಯಮ್ಮಿನ ಕೆಲಸವನ್ನೇ. ಬರಿಗಣ್ಣಿಗೆ ಕಾಣುವ ಗೊಂಚಲು ಕಟ್ಟುವ, ನೀರಿನ ಮೇಲೆ ಮರದ ಹೊಟ್ಟಿನಂತೆ ತೇಲುವ ಜೀವಿ ಅದು. ಹಾಗಾಗಿ ಮುಂದಿನ ಮೂರು ದಶಕ ಎಲ್ಲರ ಗಮನ ಅದರ ಮೇಲೇ ಇತ್ತು. 1998ರಲ್ಲಿ ಜೊನಾಥನ್ ಝೆಹರ್ ಮತ್ತು ಸಂಗಡಿಗರು ಹವಾಯಿ ಬಳಿಯ ನೀರಿನಲ್ಲಿ ಸ್ಥಿರೀಕರಣ ನಡೆಸುವ ನೈಟ್ರೋಜಿನೇಸ್ ಕಿಣ್ವದ ನಿಫ್-ಎಚ್ ಜೀನ್ ಹುಡುಕಿದಾಗ, ಬಲೆಗೆ ಎಂದೂ ಸಿಗದ ಏಕಕೋಶ ಜೀವಿಗಳ ಸುಳಿವು ಸಿಕ್ಕಿತು. ಅವುಗಳಲ್ಲಿ ಯುಸಿವೈಎನ್-ಎ ಎಂಬುದರ ಕೋಶ ಹೆಚ್ಚುಕಡಿಮೆ ಒಂದು ಮೈಕ್ರೋಮೀಟರ್. ಅದಕ್ಕೆ ಆಮ್ಲಜನಕ ಬಿಡುಗಡೆ ಮಾಡುವ ಫೋಟೋಸಿಸ್ಟಮ್-2 ಇಲ್ಲವೆಂದು 2008ರಲ್ಲೂ, ಹ್ಯಾಪ್ಟೋಫೈಟ್ ಗುಂಪಿನ ಒಂದು ಏಕಕೋಶ ಪಾಚಿಯ ಜೊತೆಗೆ ಬದುಕುತ್ತದೆಂದು 2012ರಲ್ಲೂ ತಿಳಿಯಿತು. ಜಪಾನಿನ ಸಂಶೋಧಕಿ ಕ್ಯೋಕೊ ಹಗಿನೊ ಆ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿಕೊಂಡಿದ್ದರಿಂದ ಮುಂದಿನ ದಾರಿ ತೆರೆಯಿತು; ಪಾಚಿ ವಿಭಜಿಸುವಾಗ ಅದರ ಜೊತೆಗೇ ಯುಸಿವೈಎನ್-ಎ ಕೂಡ ವಿಭಜಿಸುತ್ತದೆ, ಪಾಚಿಯ ಜೀನ್‌ಗಳಿಂದ ತಯಾರಾದ ಪ್ರೋಟೀನ್‌ಗಳನ್ನು ಒಳಗೆ ತರಿಸಿಕೊಳ್ಳುತ್ತದೆ ಎಂದು 2024ರಲ್ಲಿ ಪ್ರಕಟವಾಯಿತು. ಈಗ ಅದನ್ನು ಬ್ಯಾಕ್ಟೀರಿಯಾ ಎನ್ನುವ ಬದಲು ನೈಟ್ರೋಪ್ಲಾಸ್ಟ್ ಎಂಬ ಕೋಶಾಂಗವೆಂದೇ ಕರೆಯುತ್ತಾರೆ. ಇದರ ಜೊತೆಗೆ ರಾತ್ರಿ ದುಡಿಯುವ ಕ್ರೋಕೋಸ್ಫೇರಾ ಇದೆ, ಡಯಾಟಮ್‌ಗಳೊಳಗೆ ಇರುವ ರಿಚೆಲಿಯಾ ಇದೆ, ಸಯನೋಬ್ಯಾಕ್ಟೀರಿಯಾ ಅಲ್ಲದ ಇತರ ಬ್ಯಾಕ್ಟೀರಿಯಾಗಳೂ ಇವೆ. ನೂರು ಮೈಕ್ರೋಮೀಟರ್ ಕಣ್ಣಿನ ಬಲೆ ಇವುಗಳಲ್ಲಿ ಹೆಚ್ಚಿನವನ್ನು ಹಿಡಿಯಲಾರದು. ಖಾಲಿ ಬಲೆಯಿಂದ ಟ್ರೈಕೋಡೆಸ್ಮಿಯಮ್ ಬಗ್ಗೆಯೂ ಖಚಿತವಾಗಿ ಹೇಳಲಾಗದು. ಗೊಂಚಲುಗಳು ಗಾಳಿಯ ಸಾಲು ಹಿಡಿದು ಪಟ್ಟೆಪಟ್ಟೆಯಾಗಿ ತೇಲುತ್ತವೆ. ಆಳದ ನೀರು ಹಿಡಿಯುವ ನಿಸ್ಕಿನ್ ಬಾಟಲಿಯೊಳಗೂ ಮೇಲಕ್ಕೆ ತೇಲಿ ಕೂರುವುದರಿಂದ ಕೆಳಗಿನ ನಲ್ಲಿಯಿಂದ ಹಿಡಿದ ನೀರಿಗೆ ಅವು ಬರದೇ ಹೋಗಬಹುದು.

"ನೈಟ್ರೇಟ್ ಇದ್ದರೆ ಸ್ಥಿರೀಕರಣ ನಿಲ್ಲುತ್ತದೆ" ಎಂಬುದು ಅರ್ಧ ಸತ್ಯ. ಸಾರಜನಕದ ಅಣುವಿನ ಮೂರು ಬಂಧ ಮುರಿಯಲು ಮೋಲಿಗೆ ಸುಮಾರು 945 ಕಿಲೋಜೂಲ್ ಬೇಕು. ಒಂದು ಅಣುವನ್ನು ಎರಡು ಅಮೋನಿಯಾ ಮಾಡಲು ನೈಟ್ರೋಜಿನೇಸ್ 16 ಎಟಿಪಿ (ಕೋಶದ ಶಕ್ತಿಯ ಅಣು) ಖರ್ಚು ಮಾಡುತ್ತದೆ, 8 ಎಲೆಕ್ಟ್ರಾನ್ ಬಳಸುತ್ತದೆ, ಅದರಲ್ಲಿ ಎರಡು ಹೈಡ್ರೋಜನ್ ಅನಿಲವಾಗಿ ಹೊರಟುಹೋಗುತ್ತವೆ. ಇಷ್ಟು ದುಬಾರಿ ಕೆಲಸವನ್ನು ಸಿದ್ಧ ಸಾರಜನಕ ಸಿಗುವಾಗ ಯಾರು ಮಾಡುತ್ತಾರೆ ಎಂಬ ತರ್ಕ ಸಹಜ. ಟ್ರೈಕೋಡೆಸ್ಮಿಯಮ್ ನಿಜಕ್ಕೂ ನೈಟ್ರೇಟ್ ಇದ್ದಾಗ ಕೆಲಸ ತಗ್ಗಿಸುತ್ತದೆ, ಆದರೆ ಕೂಡಲೇ ಪೂರ್ತಿ ನಿಲ್ಲಿಸುವುದಿಲ್ಲ. ಯುಸಿವೈಎನ್-ಎಗೆ ನೈಟ್ರೇಟ್ ಬಳಸುವ ಜೀನ್‌ಗಳೇ ಇಲ್ಲ. ನೈಟ್ರೇಟ್ ಇರುವ ನೀರಿನಲ್ಲೂ ಅದು ಸ್ಥಿರೀಕರಣ ನಡೆಸುತ್ತದೆ, ತಣ್ಣನೆಯ ಆರ್ಕ್ಟಿಕ್ ಅಂಚಿನಲ್ಲೂ ಸಿಕ್ಕಿದೆ. 0.3 ಮೈಕ್ರೋಮೋಲ್ ನೈಟ್ರೇಟ್ ಇದೆಯೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಬೇಡಿ.

ಬಡ ಸಮುದ್ರದಲ್ಲಿ ಸ್ಥಿರೀಕರಣ ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ ಎಂಬುದನ್ನು ನೈಟ್ರೇಟಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಕಬ್ಬಿಣ ಮತ್ತು ರಂಜಕ. ಬೆಚ್ಚನೆಯ ಮೇಲ್ಪದರದಲ್ಲಿ ಕರಗಿದ ಸಾರಜನಕ ಅನಿಲ ಲೀಟರಿಗೆ ಸುಮಾರು 400 ಮೈಕ್ರೋಮೋಲ್, ಅದಕ್ಕೆ ಬರವಿಲ್ಲ. ಆದರೆ ಕಿಣ್ವದ ತುಂಬ ಕಬ್ಬಿಣ ಇದೆ; ಕಬ್ಬಿಣ-ಮಾಲಿಬ್ಡಿನಮ್ ಸಹಕಾರಕ ಒಂದರಲ್ಲೇ 7 ಕಬ್ಬಿಣದ ಪರಮಾಣುಗಳಿವೆ. ಅದೇ ಕಿಣ್ವ ಆಮ್ಲಜನಕ ತಾಗಿದರೆ ಹಾಳಾಗುತ್ತದೆ. ಹಾಗಾಗಿ ಕ್ರೋಕೋಸ್ಫೇರಾ ಹಗಲು ದ್ಯುತಿಸಂಶ್ಲೇಷಣೆಗೆ ಬಳಸಿದ ಕಬ್ಬಿಣವನ್ನೇ ರಾತ್ರಿ ನೈಟ್ರೋಜಿನೇಸಿಗೆ ತಿರುಗಿಸುತ್ತದೆ. ಸಹಾರಾ ಧೂಳು ಬೀಳುವ ಉತ್ತರ ಅಟ್ಲಾಂಟಿಕ್‌ನಲ್ಲಿ ಕಬ್ಬಿಣ ಸಿಗುತ್ತದೆ, ರಂಜಕ ಕಡಿಮೆಯಾಗುತ್ತದೆ. ದಕ್ಷಿಣ ಪೆಸಿಫಿಕ್ ಸುಳಿಯ ನಡುಭಾಗದಲ್ಲಿ ಕಬ್ಬಿಣವೇ ತೀರಾ ಕಡಿಮೆ. ನಿಮ್ಮ ಬಳಿ ಕಬ್ಬಿಣದ ಅಳತೆ ಇದ್ದರೆ ಮೂರು ಸ್ಟೇಷನ್‌ಗಳ ವ್ಯಾಖ್ಯಾನವನ್ನು ಅಲ್ಲಿಂದ ಶುರು ಮಾಡಿ.

ಈಗ ಅಳತೆಗೆ ಬರೋಣ. ಗುಳ್ಳೆ ವಿಧಾನ 1996ರಲ್ಲಿ ಮೊಂಟೊಯಾ ಮತ್ತು ಸಂಗಡಿಗರಿಂದ ಬಂದದ್ದು, ಸರಳ, ಹಡಗಿನಲ್ಲಿ ಮಾಡಲು ಸುಲಭ. ಚುಚ್ಚಿದ ಅನಿಲ ಬೇಗನೆ ನೀರಿನ ಅನಿಲದೊಂದಿಗೆ ಬೆರೆತು ಸಮತೋಲನಕ್ಕೆ ಬರುತ್ತದೆ ಎಂಬುದು ಅದರ ಊಹೆ. 2010ರಲ್ಲಿ ಮೋರ್ ಮತ್ತು ಸಂಗಡಿಗರು ನೇರವಾಗಿ ಅಳೆದು ನೋಡಿದಾಗ 24 ಗಂಟೆ ಕಳೆದರೂ ಪೂರ್ಣ ಸಮತೋಲನ ಬಂದಿರಲಿಲ್ಲ. ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿ 4.5 ಲೀಟರ್ ನೀರಿನೊಳಗೆ ಸುಮಾರು 1,800 ಮೈಕ್ರೋಮೋಲ್ ಸಾರಜನಕ ಅನಿಲ. ನೀವು ಸೇರಿಸಿದ್ದು ಸುಮಾರು 184. ಪೂರ್ತಿ ಬೆರೆತರೆ ನೀರಿನ ಸಾರಜನಕದಲ್ಲಿ ಶೇ. 9.6ರಷ್ಟು ಸಾರಜನಕ-15 ಇರಬೇಕು. ನೀವು ಭಾಗಿಸಿರುವುದು ಈ ಕಾಗದದ ಮೇಲಿನ 9.6ರಿಂದ. ಬಾಟಲಿಯಲ್ಲಿ ಮೊದಲ ಗಂಟೆಗಳಲ್ಲಿ ಇದ್ದದ್ದು ಅದಕ್ಕಿಂತ ಬಹಳ ಕಡಿಮೆ.

ಇಲ್ಲಿ ಬೆಳಗ್ಗೆ 10ಕ್ಕೆ ಶುರು ಮಾಡಿದ್ದು ಹೆಚ್ಚು ಪೆಟ್ಟು ಕೊಟ್ಟಿದೆ. ಟ್ರೈಕೋಡೆಸ್ಮಿಯಮ್, ಯುಸಿವೈಎನ್-ಎ ಎರಡೂ ಹಗಲು ದುಡಿಯುತ್ತವೆ. ನಡುಹಗಲ ಹೊತ್ತಿಗೆ ಅವುಗಳ ಕೆಲಸ ಜೋರಾಗಿರುವಾಗ ನಿಮ್ಮ ಗುಳ್ಳೆ ಇನ್ನೂ ಮುಚ್ಚಳದಡಿಯಲ್ಲೇ ಇತ್ತು. ಅನಿಲ ಸಾಕಷ್ಟು ಕರಗುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಕ್ರೋಕೋಸ್ಫೇರಾ ಇದ್ದಿದ್ದರೆ ಅದರ ರಾತ್ರಿ ಪಾಳಿ ಪರವಾಗಿಲ್ಲ ಎನ್ನುವಷ್ಟು ದಾಖಲಾಗಿರುತ್ತದೆ. ಅಂದರೆ ದೋಷ ಎಲ್ಲ ಜೀವಿಗಳಿಗೂ ಒಂದೇ ಅಲ್ಲ. ಇದೇ ಕಾರಣಕ್ಕೆ ಹಳೆಯ ದತ್ತಾಂಶವನ್ನು "ಇಷ್ಟರಿಂದ ಗುಣಿಸಿ ಸರಿಮಾಡಿ" ಎಂದು ಯಾರಾದರೂ ಒಂದು ಗುಣಕ ಕೊಟ್ಟರೆ ಒಪ್ಪಬೇಡಿ. ಕರಗುವ ವೇಗ ಬಾಟಲಿಯ ಗಾತ್ರ, ಅಲುಗಾಟ, ಉಷ್ಣತೆ, ಗುಳ್ಳೆಯ ಮೈಮೇಲೆ ಕೂರುವ ಸಾವಯವ ಪೊರೆ, ಎಲ್ಲವನ್ನೂ ಅವಲಂಬಿಸಿದೆ.

ಫಿಲ್ಟರ್ ಕೂಡ ಅದೇ ದಿಕ್ಕಿಗೆ ತಪ್ಪಿಸುತ್ತದೆ. ಜಿಎಫ್/ಎಫ್ ರಂಧ್ರ ನಾಮಮಾತ್ರಕ್ಕೆ 0.7 ಮೈಕ್ರೋಮೀಟರ್. ಪಂಪಿನ ಎಳೆತ ಜಾಸ್ತಿಯಾಗಿ ಪಾಚಿಯ ಕೋಶ ಒಡೆದರೆ ಒಳಗಿನ ಯುಸಿವೈಎನ್-ಎಯಂಥ ಸಣ್ಣ ಕೋಶಗಳು ಕೆಳಗೆ ಜಾರಬಹುದು.

ಹಾಗಾದರೆ 0.3 ಎಂಬುದು ಕನಿಷ್ಠ ಮಿತಿ, ನಿಜವಾದ ದರ ಅದಕ್ಕಿಂತ ಹೆಚ್ಚು ಎಂದು ಬರೆಯಬಹುದೇ? ಅವಸರ ಬೇಡ. ಇಲ್ಲಿಯೇ ಎರಡನೆಯ ದೋಷ ಅಡ್ಡ ಬರುತ್ತದೆ. 2014ರಲ್ಲಿ ಡಬುಂಡೊ ಮತ್ತು ಸಂಗಡಿಗರು ಮಾರುಕಟ್ಟೆಯ ಸಾರಜನಕ-15 ಅನಿಲವನ್ನು ಪರೀಕ್ಷಿಸಿದಾಗ, ಕೆಲವದರಲ್ಲಿ ಸಾರಜನಕ-15 ಇರುವ ಅಮೋನಿಯಂ, ನೈಟ್ರೇಟ್ ಬೆರೆತಿದ್ದವು. ಸ್ಥಿರೀಕರಣ ಬಾರದ ಜೀವಿಗಳೂ ಅವನ್ನು ಗಬಗಬನೆ ಹೀರಿಕೊಳ್ಳುತ್ತವೆ; ಹಸಿದ ನೀರಿನಲ್ಲಿ ಒಂದು ದಿನದೊಳಗೆ ಎಲ್ಲ ಮುಗಿಯುತ್ತದೆ. ಫಿಲ್ಟರಿನ ಮೇಲೆ ಕಾಣುವ ಗುರುತು ಮಾತ್ರ ಒಂದೇ ತರಹ.

ಎಷ್ಟು ಕಲಬೆರಕೆ ಸಾಕು? ನಿಮ್ಮ ಬಾಟಲಿಯ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಕೇವಲ 10 ಪಾಲು ಅಮೋನಿಯಂ ಇದ್ದರೆ ಲೀಟರಿಗೆ 0.4 ನ್ಯಾನೋಮೋಲ್ ಸೇರುತ್ತದೆ. ಅದಷ್ಟೂ ಕೋಶಗಳಿಗೆ ಹೋದರೆ, ಶೇ. 9.6ರ ಲೆಕ್ಕದಲ್ಲಿ ಭಾಗಿಸಿದಾಗ ದಿನಕ್ಕೆ 4 ನ್ಯಾನೋಮೋಲಿಗೂ ಮೀರಿದ "ಸ್ಥಿರೀಕರಣ" ಹುಟ್ಟುತ್ತದೆ. ಬಡ ಸಮುದ್ರದ ಮೇಲ್ಪದರದಲ್ಲಿ ನಿಜವಾಗಿ ಸಿಗುವ ದರ ಸಾಮಾನ್ಯವಾಗಿ 1ರಿಂದ 10ರೊಳಗೆ ಎಂಬುದನ್ನು ನೆನೆದರೆ ಇದು ಎಷ್ಟು ಅಪಾಯಕಾರಿ ಎಂದು ಅರ್ಥವಾಗುತ್ತದೆ. ನಿಮ್ಮ 0.3 ಬರಲು ಹತ್ತು ಲಕ್ಷಕ್ಕೆ ಒಂದು ಪಾಲೂ ಬೇಡ. 38 ಬರಲು ಸುಮಾರು 85 ಪಾಲು ಸಾಕು.

ನಾಲ್ಕನೆಯ ಸ್ಟೇಷನ್ನಿನ ಬಗ್ಗೆ ನನ್ನ ಅನುಮಾನ ಬಲವಾದದ್ದು, ಕಾರಣ ಮೂರು. ಸಿಲಿಂಡರ್ ಬದಲಾದ ಕೂಡಲೇ ಸಂಖ್ಯೆ ನೂರು ಪಟ್ಟು ಏರಿದೆ. ಬೆಳಕು ತೀರಾ ಕಡಿಮೆಯಿರುವ 100 ಮೀಟರ್ ಆಳದಲ್ಲೂ ಮೇಲ್ಪದರದಷ್ಟೇ ಬಂದಿದೆ. ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: 36, 38, 40 ಎಂಬ ಬಾಟಲಿಗಳ ಒಗ್ಗಟ್ಟು. ಟ್ರೈಕೋಡೆಸ್ಮಿಯಮ್ ಗೊಂಚಲಿನಿಂದ ಬಂದ ದೊಡ್ಡ ದರವಾಗಿದ್ದರೆ ಒಂದು ಬಾಟಲಿಗೆ ನಾಲ್ಕು ಗೊಂಚಲು, ಇನ್ನೊಂದಕ್ಕೆ ಒಂದೂ ಇಲ್ಲ ಎಂಬಂತಾಗಿ 2, 40, 11ರ ತರಹ ಚೆದುರಿರುತ್ತಿತ್ತು. ಎಲ್ಲ ಬಾಟಲಿಗೂ ಸಮನಾಗಿ ಬಂದದ್ದು ನಿಮ್ಮ ಸಿರಿಂಜಿನಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ನಕಲುಗಳು ಹೊಂದಿಕೊಂಡರೆ ಅಳತೆ ಸರಿಯಿದೆ ಎಂದು ಕಲಿತಿರುತ್ತೇವೆ. ಇಲ್ಲಿ ಅದೇ ಎಚ್ಚರಿಕೆಯ ಗಂಟೆ. ಹಡಗಿನಲ್ಲಿ ಅದೇ ಫನೆಲ್, ಅದೇ ಓವನ್ ಬಳಸಿ ಯಾರಾದರೂ ಸಾರಜನಕ-15 ನೈಟ್ರೇಟ್ ಅಥವಾ ಅಮೋನಿಯಂ ಹೀರಿಕೆಯ ಪ್ರಯೋಗ ಮಾಡಿದ್ದರೆ ಅದನ್ನೂ ವಿಚಾರಿಸಿ. ಆ ಗುರುತು ದ್ರವದ ಒಂದು ಹನಿ ಇಡೀ ಪ್ರಯಾಣದ ಫಿಲ್ಟರ್‌ಗಳನ್ನು ಕೆಡಿಸಬಲ್ಲದು.

ಸಿಲಿಂಡರಿನಲ್ಲಿ ಅನಿಲ ಉಳಿದಿದ್ದರೆ ಅದನ್ನು ಎಸೆಯಬೇಡಿ. ನಿಮ್ಮ ದತ್ತಾಂಶದ ಭವಿಷ್ಯ ಅದರಲ್ಲಿದೆ. ಉತ್ತಮ ಪರೀಕ್ಷೆ: ಅನಿಲವನ್ನು ಶುದ್ಧ ನೀರಿನೊಂದಿಗೆ ಮುಚ್ಚಿದ ಸೀಸೆಯಲ್ಲಿ ಚೆನ್ನಾಗಿ ಕುಲುಕಿ, ಅನಿಲ ಹೊರಹಾಕಿ, ನೀರಿನಲ್ಲಿ ಉಳಿದ ಅಮೋನಿಯಂ ಮತ್ತು ನೈಟ್ರೇಟ್‌ಗಳ ಸಾರಜನಕ-15 ಪ್ರಮಾಣವನ್ನು ಐಸೋಟೋಪ್ ಪ್ರಯೋಗಾಲಯದಲ್ಲಿ ಅಳೆಸುವುದು. ಅದು ಆಗದಿದ್ದರೆ ಸ್ಥಿರೀಕರಣ ಮಾಡಲಾರದ ಸಮುದ್ರ ಸಿನೆಕೊಕಾಕಸ್ (ಒಂದು ಸಯನೋಬ್ಯಾಕ್ಟೀರಿಯಾ) ತಳಿಯೊಂದನ್ನು ಸಾರಜನಕದ ಕೊರತೆಯಲ್ಲಿಟ್ಟು, ಅದೇ 4.5 ಮಿ.ಲೀ. ಅನಿಲ ಕೊಟ್ಟು 24 ಗಂಟೆ ಬಿಟ್ಟು ಸೋಸಿ. ಅದರಲ್ಲಿ ಗುರುತು ಏರಿದ್ದರೆ ಏರಿದ್ದಷ್ಟೂ ಕಲಬೆರಕೆ. ಹಳೆಯ ಸಿಲಿಂಡರಿನ ತಳದಲ್ಲಿ ಕೆಲವು ಮಿ.ಲೀ. ಉಳಿದಿದ್ದರೂ ಇದೇ ಪರೀಕ್ಷೆ ಮಾಡಿ. ಅದು ಶುದ್ಧವೆಂದು ತಿಳಿದರೆ ಮಾತ್ರ 0.2–0.4ನ್ನು "ಕನಿಷ್ಠ ಇಷ್ಟು ಇತ್ತು" ಎಂದು ಧೈರ್ಯವಾಗಿ ಬರೆಯಬಹುದು. ಅನಿಲವನ್ನು ತೆಳುವಾಗಿಸಿದ ಆಮ್ಲದ ಮೂಲಕ ಹಾಯಿಸಿ ಬಳಸುವವರಿದ್ದಾರೆ. ಅಮೋನಿಯಾ ಅದರಲ್ಲಿ ಸಿಕ್ಕಿಬೀಳುತ್ತದೆ, ಆದರೆ ನೈಟ್ರೋಜನ್ ಆಕ್ಸೈಡ್‌ಗಳನ್ನು ಅದರ ಮೇಲೆ ನಂಬಿ ಬಿಡುವಂತಿಲ್ಲ.

ಮುಂದಿನ ಪ್ರಯಾಣಕ್ಕೆ ಮೂರು ದಾರಿಗಳಿವೆ.

ಅಸಿಟಿಲೀನ್ ವಿಧಾನ ಅಗ್ಗ. ನೈಟ್ರೋಜಿನೇಸ್ ಅಸಿಟಿಲೀನನ್ನು ಎಥಿಲೀನ್ ಮಾಡುತ್ತದೆ, ಗ್ಯಾಸ್ ಕ್ರೊಮ್ಯಾಟೊಗ್ರಾಫಿನಲ್ಲಿ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಆರಿಸಿ ತೆಗೆದ ಗೊಂಚಲುಗಳಿಗೆ, ಬೆಳೆಸಿದ ತಳಿಗಳಿಗೆ, ಹಗಲು-ರಾತ್ರಿಯ ಏರಿಳಿತ ನೋಡಲು ಇದು ಚೆನ್ನ. ಆದರೆ ನಿಮ್ಮಂಥ ತೆಳ್ಳನೆಯ ನೀರಿಗೆ ಸೂಕ್ಷ್ಮತೆ ಸಾಲದು. ಅಸಿಟಿಲೀನಿನಲ್ಲೇ ಒಂದಿಷ್ಟು ಎಥಿಲೀನ್ ಇರುತ್ತದೆ, ಎಥಿಲೀನನ್ನು ಸಾರಜನಕಕ್ಕೆ ಪರಿವರ್ತಿಸಲು 3 ಬಳಸಬೇಕೋ 4 ಬಳಸಬೇಕೋ ಎಂಬ ಚರ್ಚೆಯೂ ಮುಗಿಯುವುದಿಲ್ಲ. ಇದನ್ನು ನಾನು ನಿಮಗೆ ಶಿಫಾರಸು ಮಾಡುವುದಿಲ್ಲ.

ಎರಡನೆಯದು ಮೊದಲೇ ಕರಗಿಸಿದ ನೀರು. 0.2 ಮೈಕ್ರೋಮೀಟರ್ ಸೋಸಿದ ಸಮುದ್ರದ ನೀರಿನಿಂದ ನಿರ್ವಾತದಲ್ಲಿ ಅನಿಲ ತೆಗೆದು, ಲೀಟರಿಗೆ 10 ಮಿ.ಲೀ. ಸಾರಜನಕ-15 ಚುಚ್ಚಿ, ಗುಳ್ಳೆ ಮಾಯವಾಗುವವರೆಗೆ ಬಲವಾಗಿ ಕುಲುಕಬೇಕು. ಅದರ 225 ಮಿ.ಲೀ.ಯನ್ನು 4.5 ಲೀಟರ್ ಬಾಟಲಿಗೆ ಸೇರಿಸಿದರೆ ಸುಮಾರು ಶೇ. 5ರಷ್ಟು ಗುರುತು ಮೊದಲ ನಿಮಿಷದಿಂದಲೇ ಸಿಗುತ್ತದೆ. ಅಪಾಯ ಎಲ್ಲಿದೆಯೆಂದರೆ, ಅನಿಲ ತೆಗೆಯುವ ಪಂಪು, ಪೊರೆ, ಕೊಳವೆಗಳಿಂದ ಕಬ್ಬಿಣ ಸೇರಿಬಿಡುತ್ತದೆ. ಕಬ್ಬಿಣದ ಕೊರತೆಯ ನೀರಿಗೆ ಹೀಗೆ ಕಬ್ಬಿಣ ಬಿದ್ದರೆ ನೀವು ಅಳೆಯುವುದು ಸಮುದ್ರದ ದರವನ್ನಲ್ಲ, ನಿಮ್ಮ ಪಂಪಿನ ಪ್ರಭಾವವನ್ನು. ನೀರು ತಯಾರಿಸಿದ ದಿನವೇ, ಅದೇ ಸ್ಟೇಷನ್ನಿನ ನೀರಿನಿಂದ ಮಾಡಿ.

ನಾನು ಶಿಫಾರಸು ಮಾಡುವುದು ಮೂರನೆಯದನ್ನು: ಗುಳ್ಳೆ ಚುಚ್ಚಿ, ಬೆರೆಸಿ, ತೆಗೆದುಹಾಕುವ ವಿಧಾನ. ಬಾಟಲಿಯನ್ನು ಉಕ್ಕುವಷ್ಟು ತುಂಬಿ ಮುಚ್ಚಿ, ಅನಿಲ ಚುಚ್ಚಿ, ಅಡ್ಡ ಹಿಡಿದು ಗುಳ್ಳೆ ಈ ತುದಿಯಿಂದ ಆ ತುದಿಗೆ ಓಡಾಡುವಂತೆ 15–20 ನಿಮಿಷ ನಿಧಾನವಾಗಿ ತೂಗಿ. ಕುಲುಕಬೇಡಿ, ಗೊಂಚಲುಗಳು ಒಡೆಯುತ್ತವೆ. ಆಮೇಲೆ ಮುಚ್ಚಳ ತೆರೆದು ಗುಳ್ಳೆ ಬಿಟ್ಟು, ಅದೇ ನೀರಿನಿಂದ ತುಂಬಿ ಮತ್ತೆ ಮುಚ್ಚಿ. ಅಲ್ಲಿಂದ ಮುಂದೆ ಕೊನೆಯವರೆಗೂ ಗುರುತಿನ ಮಟ್ಟ ಸ್ಥಿರವಾಗಿರುತ್ತದೆ. ಅದು ಕಾಗದದ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ, ಏಕೆಂದರೆ ನೀವು ಅದನ್ನು ಅಳೆಯುತ್ತೀರಿ. ಪ್ರತಿ ಬಾಟಲಿಯಿಂದ, ಸೋಸುವ ಮುನ್ನ, 12 ಮಿ.ಲೀ. ಗಾಜಿನ ಟ್ಯೂಬಿಗೆ ಗುಳ್ಳೆಯಿಲ್ಲದೆ ನೀರು ತುಂಬಿ, ಮರ್ಕ್ಯೂರಿಕ್ ಕ್ಲೋರೈಡ್ ಅಥವಾ ಜಿಂಕ್ ಕ್ಲೋರೈಡ್ ಹಾಕಿ ಮುಚ್ಚಿ. ಮೆಂಬ್ರೇನ್ ಇನ್‌ಲೆಟ್ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಾರಜನಕ ಅಣುವಿನ 28, 29, 30 ದ್ರವ್ಯರಾಶಿಗಳನ್ನು ಓದಿಸಿದರೆ ನಿಜವಾದ ಪ್ರಮಾಣ ಸಿಗುತ್ತದೆ. ಪಾದರಸದ ಲವಣ ವಿಷ. ಕೈಗವಸು ಬೇಕು, ತ್ಯಾಜ್ಯವನ್ನು ಪ್ರತ್ಯೇಕ ಡಬ್ಬಿಯಲ್ಲಿ ದಡಕ್ಕೆ ತರಬೇಕು. ಖರ್ಚು ಉಳಿಸಲು ಒಂದನ್ನು ಕೈಬಿಡಲೇಬೇಕಾದರೆ ಸ್ಟೇಷನ್ ಕೈಬಿಡಿ, ಈ ಟ್ಯೂಬನ್ನು ಬಿಡಬೇಡಿ.

ಉಳಿದ ಕೆಲಸ ಚಿಕ್ಕಪುಟ್ಟದ್ದು, ಆದರೆ ಕೆಡುವುದು ಅಲ್ಲಿಯೇ. ಬಾಟಲಿಗಳನ್ನು ಶೇ. 10 ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅತಿಶುದ್ಧ ನೀರಿನಿಂದಲೂ ಸ್ಟೇಷನ್ ನೀರಿನಿಂದಲೂ ಮೂರು ಮೂರು ಸಲ ತೊಳೆಯಿರಿ. ಬೆಳಕು ಹರಿಯುವ ಮುನ್ನ ಶುರು ಮಾಡಿ, ಪೂರ್ತಿ 24 ಗಂಟೆ ಇಡಿ. ಫಿಲ್ಟರ್‌ಗಳನ್ನು 450 ಡಿಗ್ರಿಯಲ್ಲಿ 4 ಗಂಟೆ ಸುಟ್ಟಿರಬೇಕು, ಸಾಧ್ಯವಾದರೆ 0.3 ಮೈಕ್ರೋಮೀಟರ್ ಗಾಜುನಾರಿನದನ್ನೇ ಕೊಳ್ಳಿ, ಸೋಸಲು ಹೊತ್ತು ಹಿಡಿದರೂ ಎಳೆತ 200 ಮಿ.ಮೀ. ಪಾದರಸ ದಾಟದಿರಲಿ. ಒಣಗಿಸುವುದು 60 ಡಿಗ್ರಿಯಲ್ಲಿ, ಅಮೋನಿಯಾ ಬಾಟಲಿ ತೆರೆದಿರುವ ಕೋಣೆಯಿಂದ ದೂರದಲ್ಲಿ.

ಪ್ರತಿ ಸ್ಟೇಷನ್ನಿನಲ್ಲೂ ಶುರುವಿನ ನೀರನ್ನು ಮೂರು ಫಿಲ್ಟರ್‌ಗಳಲ್ಲಿ ಸೋಸಿಟ್ಟುಕೊಳ್ಳಿ. ಅನಿಲ ಹಾಕದ ಒಂದು ಬಾಟಲಿಯನ್ನೂ ಜೊತೆಗೆ ತೊಟ್ಟಿಯಲ್ಲಿಡಿ. ಕಣಗಳ ಸಾರಜನಕ ಲೀಟರಿಗೆ 0.3 ಮೈಕ್ರೋಮೋಲ್ ಇದ್ದು, ಶುರುವಿನ ಮೂರು ಫಿಲ್ಟರ್‌ಗಳ ಐಸೋಟೋಪ್ ಮೌಲ್ಯ ಸಾವಿರಕ್ಕೆ 1ರಷ್ಟು ಮಾತ್ರ ವ್ಯತ್ಯಾಸ ತೋರಿದರೆ, ಅದರ ಮೂರು ಪಟ್ಟನ್ನು ಪತ್ತೆಮಿತಿ ಎಂದು ಹಿಡಿದಾಗ ಶೇ. 9.6ರ ಗುರುತಿನಲ್ಲಿ ದಿನಕ್ಕೆ 0.04 ನ್ಯಾನೋಮೋಲ್‌ವರೆಗೂ ಇಳಿಯಬಹುದು, ಶೇ. 5ರಲ್ಲಿ ಅದರ ಎರಡು ಪಟ್ಟು. ಈ ಮಿತಿಯನ್ನು ಪ್ರತಿ ಸ್ಟೇಷನ್ನಿಗೂ ಲೆಕ್ಕಹಾಕಿ ಕೋಷ್ಟಕದಲ್ಲಿ ಕೊಡಿ. "ಇಲ್ಲ" ಎಂಬ ಪದವನ್ನು ಬಳಸಬೇಡಿ, "ಪತ್ತೆಮಿತಿಗಿಂತ ಕಡಿಮೆ" ಎಂದು ಬರೆದು ಮಿತಿ ಎಷ್ಟೆಂದು ಹೇಳಿ.

ಇದರ ಜೊತೆಗೆ ಪ್ರತಿ ಸ್ಟೇಷನ್ನಿನಿಂದ ಒಂದೆರಡು ಲೀಟರ್ ನೀರನ್ನು 0.2 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ ಡಿಎನ್ಎಗೆ ಎಂದು ಮೈನಸ್ 80 ಡಿಗ್ರಿಯಲ್ಲಿಡಿ. ಜೀನ್ ಸಿಕ್ಕರೆ ಜೀವಿ ಇತ್ತು ಎಂದಷ್ಟೇ ಅರ್ಥ, ದುಡಿಯುತ್ತಿತ್ತು ಎಂದಲ್ಲ. ನಿಫ್-ಎಚ್ ಪಿಸಿಆರ್ (ಜೀನನ್ನು ನಕಲುಮಾಡಿ ಹೆಚ್ಚಿಸುವ ವಿಧಾನ) ಮಾಡುವಾಗ ರಾಸಾಯನಿಕಗಳಲ್ಲೇ ಇರುವ ಬ್ಯಾಕ್ಟೀರಿಯಾ ಡಿಎನ್ಎ ಕೂಡ ವರ್ಧಿಸಿಕೊಳ್ಳುವುದರಿಂದ ಖಾಲಿ ಫಿಲ್ಟರಿನ ನಿಯಂತ್ರಣ ಇಲ್ಲದ ಫಲಿತಾಂಶವನ್ನು ಪ್ರಬಂಧಕ್ಕೆ ಸೇರಿಸಬೇಡಿ.

ಈಗಿನ ಪ್ರಬಂಧಕ್ಕೆ ಬಂದರೆ: ಮೊದಲ ಮೂರು ಸ್ಟೇಷನ್‌ಗಳ ಅಂಕಿಗಳನ್ನು ಉಳಿಸಿಕೊಳ್ಳಿ, ವಿಧಾನ, ಶುರುವಿನ ಸಮಯ, ಅನಿಲದ ಬ್ಯಾಚ್ ಸಂಖ್ಯೆ ಮೂರನ್ನೂ ನಮೂದಿಸಿ, ಎರಡೂ ದಿಕ್ಕಿನ ದೋಷವನ್ನು ಬಿಡಿಸಿ ಬರೆಯಿರಿ. ನಾಲ್ಕನೆಯದನ್ನು ಸಿಲಿಂಡರಿನ ಪರೀಕ್ಷೆ ಮುಗಿಯುವವರೆಗೆ ನಕ್ಷೆಯಲ್ಲಿ ಹಾಕಬೇಡಿ, ಸರಾಸರಿಗೂ ಸೇರಿಸಬೇಡಿ. ಪರೀಕ್ಷೆಯಲ್ಲಿ ಕಲಬೆರಕೆ ಖಚಿತವಾದರೆ ಅದೇ ಬ್ಯಾಚಿನ ಅನಿಲ ಕೊಂಡ ಬೇರೆ ಗುಂಪುಗಳಿಗೂ ಮಾರಾಟಗಾರರಿಗೂ ಅಳತೆಯ ಸಮೇತ ತಿಳಿಸಿ, ಅವರ ಬಳಿಯೂ ಇಂಥದೇ ಒಂದು "ಹಾಟ್‌ಸ್ಪಾಟ್" ಕೂತಿರಬಹುದು.